ಹೊಸತೊಡಕಿನ ಮೂಳೆ, ಮುರಿದ ಹಲ್ಲು

ಯುಗಾದಿಯ ಮಾರನೆಯ ದಿನ ಹೊಸತೊಡಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಯಾವ ಊರಾದರೂ ಸರಿ, ಬಾಡೂಟ ಮಾಡುವ ಮನೆಗಳವರು ಅಂದು ನಸುಕಿನಲ್ಲೇ ಮಟನ್ ಅಂಗಡಿ ಮುಂದೆ ಸಾಲು ನಿಂತಿರುತ್ತಾರೆ. ಮಧ್ಯಾಹ್ನಕ್ಕೆ ಸಾರು, ಮುದ್ದೆ. ಊಟ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ನಲ್ಲಿ ಮೂಳೆ ಹಿತ್ತಲಲ್ಲಿ ಕಾದು ಕೂತ ನಾಯಿಗೆ. ಅದಕ್ಕೂ ಹಬ್ಬ ಆಗಲಿ ಎಂದು ಪ್ರೀತಿಯಿಂದಲೇ ಹಾಕುತ್ತಾರೆ. ಆ ಮೂಳೆ ಒಡೆಯುವ ಬದಲು ಹಲ್ಲೇ ಒಡೆಯುವುದುಂಟು. ನಾಯಿ ಒಮ್ಮೆ ಕುಂಯ್ ಅಂದು, ಮೂಳೆಯನ್ನು ಬಾಯಿಯ ಇನ್ನೊಂದು ಬದಿಗೆ ಹೊರಳಿಸಿಕೊಂಡು ಕಡಿಯುತ್ತಾ ಹೋಗುತ್ತದೆ. ವಾರ ಕಳೆದು ಯಾರೋ ಮಕ್ಕಳು ಅದರ ತುಟಿ ಎತ್ತಿ ನೋಡಿ, 'ಅಪ್ಪಾ, ಇದರ ಹಲ್ಲು ಮುರಿದೈತೆ' ಅನ್ನುತ್ತಾರೆ. 'ತಿಂತಾ ಐತಲ್ಲ, ಬಿಡು' ಎಂಬ ತೀರ್ಪು ಅಲ್ಲಿಗೇ ಹೊರಬೀಳುತ್ತದೆ.

ಈ ಅಧ್ಯಾಯದ ವಿಷಯ ಆ ತೀರ್ಪು. ತಿನ್ನುತ್ತಿದೆ ಎಂಬುದು ನಾಯಿಯ ಹಸಿವಿಗೆ ಸಾಕ್ಷಿ. ಅದರ ಹಲ್ಲಿನ ಸ್ಥಿತಿ ಏನೆಂದು ಅದರಿಂದ ತಿಳಿಯುವುದಿಲ್ಲ. ಮುರಿದ ಹಲ್ಲಿಗೆ ಏನು ಮಾಡಬೇಕೆಂದು ಗೊತ್ತಾಗಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹಲ್ಲಿನ ತಿರುಳು ಹೊರಗೆ ಬಿದ್ದಿದೆಯೇ, ಇಲ್ಲವೇ? ಉಳಿದದ್ದೆಲ್ಲ ಈ ಉತ್ತರದ ಮೇಲೆ ನಿಂತಿದೆ.

ಬೆಳೆದ ನಾಯಿಗೆ 42 ಹಲ್ಲು. ಮರಿಗೆ ಹಾಲುಹಲ್ಲು 28. ತಳಿ ಯಾವುದೇ ಇರಲಿ, ಲೆಕ್ಕ ಇದೇ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಹತ್ತನೆಯ ಶತಮಾನದ ನಡುಭಾಗದ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ದೊರೆ ಬೂತುಗನಿಂದ ಮಣಲೆರ ಎಂಬ ವೀರ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಾಡಿ ಸತ್ತದ್ದನ್ನು ಆ ಕಲ್ಲು ಹೇಳುತ್ತದೆ. ಆ ಕಾಳಿಯ ಬಾಯಲ್ಲಿ ಇರಬೇಕಾಗಿದ್ದದ್ದು 42 ಹಲ್ಲು, ಇಂದು ನಮ್ಮ ವರಾಂಡದಲ್ಲಿ ಮಲಗುವ ನಾಲ್ಕೈದು ಕಿಲೋ ತೂಕದ ಪಾಮೇರಿಯನ್‌ಗೆ ಇರುವುದೂ ಅಷ್ಟೇ. ಮನುಷ್ಯ ತಳಿ ಆರಿಸುತ್ತಾ ಆರಿಸುತ್ತಾ ನಾಯಿಯ ದವಡೆಯನ್ನು ಕುಗ್ಗಿಸಿದ. ಹಲ್ಲು ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಹಾಗಾಗಿ ಪುಟ್ಟ ನಾಯಿಯ ಬಾಯಲ್ಲಿ ಹಲ್ಲುಗಳು ಒತ್ತೊತ್ತಾಗಿ ನಿಂತಿರುತ್ತವೆ, ಬೇರುಗಳು ಮೂಳೆಯ ಬಹುಪಾಲನ್ನು ಆಕ್ರಮಿಸಿರುತ್ತವೆ. ಹಲ್ಲು ಕೀಳುವ ಮಾತು ಬಂದಾಗ ಈ ಸಂಗತಿ ಬಹಳ ಮುಖ್ಯವಾಗುತ್ತದೆ.

ಮುರಿಯುವುದರಲ್ಲಿ ಎರಡು ಹಲ್ಲುಗಳು ಮುಂದು. ಒಂದು ಕೋರೆಹಲ್ಲು. ಕಲ್ಲು ಕಚ್ಚಿದರೆ, ಗೇಟಿನ ಸರಳು ಹಿಡಿದು ಎಳೆದರೆ, ಬೈಕಿಗೆ ಬಡಿದುಕೊಂಡರೆ ಅದರ ತುದಿ ಹೋಗುತ್ತದೆ. ಇನ್ನೊಂದು ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲು, ಆ ಸಾಲಿನಲ್ಲೇ ದೊಡ್ಡದು. ಕೆಳದವಡೆಯ ಮೊದಲನೆಯ ದವಡೆಹಲ್ಲು ಇದರ ಒಳಮೈಗೆ ಉಜ್ಜಿಕೊಂಡು ಮೇಲೇರುತ್ತದೆ. ಎರಡೂ ಸೇರಿದರೆ ನಮ್ಮ ಅಡಕತ್ತರಿಯ ಎರಡು ಅಲಗು. ಮಾಂಸ, ಚರ್ಮ, ನಾರು ಕತ್ತರಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ನಡುವೆ ಸಿಕ್ಕಿದ್ದು ಕತ್ತರಿಸಲು ಬಾರದಷ್ಟು ಗಟ್ಟಿಯಾಗಿದ್ದರೆ, ದವಡೆ ಕೀಲಿಗೆ ಹತ್ತಿರವಾದ್ದರಿಂದ ಅಲ್ಲಿ ಬೀಳುವ ಒತ್ತಡವೂ ಜಾಸ್ತಿ, ಮೇಲಿನ ಹಲ್ಲಿನ ಕೆನ್ನೆಯ ಕಡೆಯ ಮೈ ಚಪ್ಪಡಿಯಂತೆ ಸೀಳಿ ಬರುತ್ತದೆ. ಸೀಳು ಎಷ್ಟೋ ಸಲ ವಸಡಿನ ಒಳಕ್ಕೂ ಇಳಿದಿರುತ್ತದೆ. ಮನುಷ್ಯನ ದವಡೆಹಲ್ಲಿನ ಎನಾಮೆಲ್ ಎರಡೂವರೆ ಮಿಲಿಮೀಟರ್ ತನಕ ದಪ್ಪವಿರಬಹುದು. ನಾಯಿಯದು ಒಂದು ಮಿಲಿಮೀಟರನ್ನೂ ಮುಟ್ಟುವುದು ಕಷ್ಟ. ಮೂಳೆ ಕಡಿಯಲೆಂದೇ ದೇವರು ಕೊಟ್ಟ ಹಲ್ಲು ಎಂದು ನಾವು ನಂಬಿರುವುದು ಇಷ್ಟು ತೆಳು ಹೊದಿಕೆಯ ಹಲ್ಲನ್ನು.

ಎನಾಮೆಲ್‌ನ ಕೆಳಗೆ ಡೆಂಟಿನ್. ಅದರ ಪ್ರತಿ ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ ಸೂಕ್ಷ್ಮ ಕೊಳವೆಗಳು, ಒಳಗೆ ದ್ರವ. ಎನಾಮೆಲ್ ಚಕ್ಕೆ ಹಾರಿ ಡೆಂಟಿನ್ ಬಯಲಾದರೆ ತಣ್ಣೀರು ತಾಗಿದಾಗ ಈ ದ್ರವ ಅಲುಗಿ ನರಕ್ಕೆ ಸುದ್ದಿ ಮುಟ್ಟಿಸುತ್ತದೆ. ನಮಗೆ ಹಲ್ಲು ಜುಮ್ಮೆನ್ನುವುದೂ ಹೀಗೆಯೇ. ಡೆಂಟಿನ್‌ಗೂ ಒಳಗೆ ತಿರುಳು, ಅಂದರೆ ರಕ್ತನಾಳ, ನರ, ಜೀವಕೋಶಗಳ ಮೆತ್ತನೆಯ ಎಳೆ. ಸೀಳು ತಿರುಳಿಗೆ ಮುಟ್ಟಿದರೆ ಬಾಯಿಯ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆಯಿತು. ತಿರುಳು ಊದಿಕೊಳ್ಳುತ್ತದೆ. ಕೈಗೆ ಪೆಟ್ಟಾದರೆ ಊದಲು ಜಾಗವಿದೆ, ಹಲ್ಲಿನ ಒಳಗೆ ಇಲ್ಲ. ಸುತ್ತ ಗಟ್ಟಿ ಗೋಡೆ. ಒತ್ತಡ ಏರಿ ರಕ್ತದ ಓಡಾಟ ನಿಂತು ತಿರುಳು ಸಾಯುತ್ತದೆ.

ಸತ್ತ ಮೇಲೆ ನೋವು ನಿಲ್ಲುತ್ತದೆ. 'ನೋಡಿ, ತಾನಾಗೇ ವಾಸಿಯಾಯಿತು' ಎಂಬ ಮಾತು ಹುಟ್ಟುವುದು ಈ ಘಟ್ಟದಲ್ಲಿ. ನಿಜಕ್ಕೂ ನಡೆಯುವುದೇ ಬೇರೆ. ನಾಯಿಯ ಹಲ್ಲಿನ ಬೇರಿನ ತುದಿಯಲ್ಲಿ ನಮ್ಮಂತೆ ಒಂದೆರಡು ರಂಧ್ರವಲ್ಲ, ನದಿ ಕವಲೊಡೆದ ಹಾಗೆ ಹಲವಾರು ಸಣ್ಣ ನಾಳಗಳಿರುತ್ತವೆ. ಸೋಂಕು ಅಲ್ಲಿಂದ ದವಡೆಯ ಮೂಳೆಗೆ ಇಳಿಯುತ್ತದೆ, ಮೂಳೆ ಕರಗಿ ಕೀವು ಕಟ್ಟುತ್ತದೆ. ಮೇಲಿನ ನಾಲ್ಕನೆಯ ಮುಂದವಡೆ ಹಲ್ಲಿನ ಬೇರುಗಳು ಇರುವುದು ಕಣ್ಣಿನ ಕೆಳಗೆ. ಆದ್ದರಿಂದಲೇ ತಿಂಗಳುಗಳು, ಕೆಲವೊಮ್ಮೆ ವರ್ಷಗಳ ನಂತರ ಒಂದು ಬೆಳಗ್ಗೆ ನಾಯಿಯ ಕಣ್ಣಿನ ಕೆಳಗೆ ಬಾವು ಕಾಣಿಸುತ್ತದೆ, ಒಡೆದು ಕೀವು ಸೋರುತ್ತದೆ. ಮನೆಯವರು ಜೇನುನೊಣವೋ, ಕಣ್ಣಿನ ರೋಗವೋ ಎಂದುಕೊಳ್ಳುತ್ತಾರೆ. ಆ್ಯಂಟಿಬಯಾಟಿಕ್ ಕೊಟ್ಟರೆ ಇಳಿಯುತ್ತದೆ, ಎರಡು ತಿಂಗಳಿಗೆ ಮತ್ತೆ ಬರುತ್ತದೆ. ರಕ್ತವೇ ಹರಿಯದ ಸತ್ತ ತಿರುಳಿನೊಳಕ್ಕೆ ಮಾತ್ರೆಯ ಔಷಧ ತಲುಪುವುದು ಹೇಗೆ? ಮೂಲ ಅಲ್ಲೇ ಉಳಿದಿರುತ್ತದೆ.

ನಮ್ಮ ಸೀಮೆಯಲ್ಲಿ ಈ ನೋವು ಅಡಗಿಕೊಳ್ಳಲು ಇನ್ನೊಂದು ಅನುಕೂಲವೂ ಇದೆ. ಇಲ್ಲಿನ ನಾಯಿಯ ದಿನದ ಊಟ ರಾಗಿ ಮುದ್ದೆ ಮತ್ತು ಸಾರು, ಇಲ್ಲವೇ ಹಾಲನ್ನ. ಮುದ್ದೆಯನ್ನು ನಾವೇ ಅಗಿಯುವುದಿಲ್ಲ, ನುಂಗುತ್ತೇವೆ. ನಾಯಿಯೂ ಹಾಗೆಯೇ. ಹಲ್ಲಿಗೆ ಕೆಲಸವೇ ಇಲ್ಲದ ಊಟದಲ್ಲಿ ಹಲ್ಲುನೋವು ಕಾಣುವುದಾದರೂ ಹೇಗೆ? ಕಾಣುವ ಗುರುತುಗಳು ಬೇರೆಡೆ ಇರುತ್ತವೆ. ಆಟದಲ್ಲಿ ಬಟ್ಟೆ ಹಿಡಿದು ಎಳೆಯುತ್ತಿದ್ದ ನಾಯಿ ಈಗ ಎಳೆಯುವುದಿಲ್ಲ. ಮುಖ ಸವರಲು ಹೋದರೆ ಕತ್ತು ತಿರುಗಿಸುತ್ತದೆ. ಎಡಗಡೆಯ ಹಲ್ಲುಗಳೆಲ್ಲ ಬಿಳಿ, ಬಲಗಡೆ ಮಾತ್ರ ದಪ್ಪನೆ ಕಂದು ಟಾರ್ಟರ್. ಒಂದೇ ಬದಿಯಲ್ಲಿ ಕೊಳೆ ಕಟ್ಟಿದೆ ಎಂದರೆ ನಾಯಿ ಆ ಬದಿಯಲ್ಲಿ ಕಡಿಯುವುದನ್ನು ಬಿಟ್ಟು ಬಹಳ ದಿನವಾಗಿದೆ ಎಂದರ್ಥ.

ಬಾಯಿ ಬಿಡಿಸಿ ನೋಡುವ ವಿದ್ಯೆ ಈ ನಾಡಿಗೆ ಹೊಸದಲ್ಲ. ದನದ ಜಾತ್ರೆಗಳಲ್ಲಿ ಹೋರಿಯ ತುಟಿ ಸರಿಸಿ ಎರಡಲ್ಲು, ನಾಲ್ಕಲ್ಲು, ಬಾಯಿಗೂಡಿದ್ದು ಎಂದು ಕ್ಷಣದಲ್ಲಿ ವಯಸ್ಸು ಹೇಳುವ ರೈತರು ಇಲ್ಲಿದ್ದಾರೆ. ಅದೇ ಕಣ್ಣನ್ನು ನಾಯಿಯ ಕಡೆಗೂ ತಿರುಗಿಸಿದರೆ ಸಾಕು. ಬಾಯಿ ತೆರೆಸುವ ಅಗತ್ಯವೂ ಇಲ್ಲ. ನಾಯಿ ಬಾಯಿ ಮುಚ್ಚಿಕೊಂಡಿರುವಾಗಲೇ ತುಟಿಯ ಅಂಚನ್ನು ಮೇಲಕ್ಕೂ ಹಿಂದಕ್ಕೂ ಸರಿಸಿ. ಕೋರೆಹಲ್ಲು, ಅದರ ಹಿಂದೆ ಸಣ್ಣ ಮುಂದವಡೆ ಹಲ್ಲುಗಳು, ಆಮೇಲೆ ದಪ್ಪನೆಯ ದೊಡ್ಡ ಹಲ್ಲು. ಬೆಳಕಿನಲ್ಲಿ ಎರಡೂ ಬದಿ ಹೋಲಿಸಿ. ಮುರಿದ ಮೈಯ ನಡುವೆ ಗುಲಾಬಿ ಅಥವಾ ಕೆಂಪು ಚುಕ್ಕೆ ಇದ್ದರೆ ತಿರುಳು ಬಯಲಾಗಿದೆ, ಇನ್ನೂ ಜೀವವಿದೆ. ಕಪ್ಪು ಚುಕ್ಕೆ ಇದ್ದರೆ ಬಯಲಾಗಿ ಸತ್ತಿರುವ ಸಂಭವ ಹೆಚ್ಚು. ಚುಕ್ಕೆಯೇ ಇಲ್ಲದೆ ಬರೀ ಹಳದಿ ಡೆಂಟಿನ್ ಕಂಡರೆ ಪರಿಸ್ಥಿತಿ ಸ್ವಲ್ಪ ಹಗುರ. ಹಲ್ಲು ಮುರಿಯದೆ ನೇರಳೆಯೋ ಬೂದಿಯೋ ಬಣ್ಣಕ್ಕೆ ತಿರುಗಿದ್ದರೆ ಒಳಗೆ ರಕ್ತಸ್ರಾವವಾಗಿದೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೀಗೆ ಬಣ್ಣಗೆಟ್ಟ ಹಲ್ಲುಗಳ ಪೈಕಿ ಶೇ. 92ರಷ್ಟರಲ್ಲಿ ತಿರುಳು ಪೂರ್ತಿ ಅಥವಾ ಭಾಗಶಃ ಸತ್ತಿತ್ತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಜೊಲ್ಲು ಸುರಿಸುತ್ತಾ, ದವಡೆ ಜೋತುಬಿದ್ದು, ನುಂಗಲಾಗದೆ ಒದ್ದಾಡುವ ನಾಯಿಯನ್ನು ಕಂಡು ಮೂಳೆ ಸಿಕ್ಕಿರಬೇಕು, ಹಲ್ಲು ಮುರಿದಿರಬೇಕು ಎಂದು ಬಾಯಿಗೆ ಕೈ ಹಾಕಬೇಡಿ. ರೇಬಿಸ್‌ನ ಒಂದು ರೂಪ ಹೀಗೇ ಇರುತ್ತದೆ. ಲಸಿಕೆ ಹಾಕಿಸಿರುವುದು ಖಚಿತವಿಲ್ಲದ ನಾಯಿಯಾದರೆ ದೂರ ನಿಂತು ಪಶುವೈದ್ಯರಿಗೆ ತಿಳಿಸಿ. ಹಲ್ಲಿನ ಮಾತು ಆಮೇಲೆ.

ಮುರಿದಂತೆ ಕಂಡದ್ದೆಲ್ಲ ಮುರಿತವೂ ಅಲ್ಲ. ಚೆಂಡು, ಕಲ್ಲು ಕಚ್ಚಿ ಕಚ್ಚಿ ನಿಧಾನವಾಗಿ ಸವೆದ ಹಲ್ಲಿನ ನಡುವೆ ಕಂದು ಚುಕ್ಕೆ ಇರುತ್ತದೆ. ಸವೆತ ನಿಧಾನವಾದ್ದರಿಂದ ತಿರುಳು ಒಳಗಿಂದಲೇ ಹೊಸ ಡೆಂಟಿನ್ ಕಟ್ಟಿಕೊಂಡು ಹಿಂದೆ ಸರಿದಿದೆ. ವೈದ್ಯರ ಸೂಜಿಮೊನೆಯ ಕಡ್ಡಿ ಅದರ ಮೇಲೆ ಗಾಜಿನ ಮೇಲಿನಂತೆ ಜಾರುತ್ತದೆ, ನಿಜವಾದ ತೂತಿನಲ್ಲಾದರೆ ಒಳಕ್ಕಿಳಿಯುತ್ತದೆ. ಮರಿಯಾಗಿದ್ದಾಗ ಡಿಸ್ಟೆಂಪರ್ ಬಂದು ಬದುಕಿ ಉಳಿದ ನಾಯಿಗಳ ಹಲ್ಲಿನ ಮೇಲೆ ಗುಳಿಗಳು, ಎನಾಮೆಲ್ ಇಲ್ಲದ ಕಂದು ಪಟ್ಟಿಗಳು ಇರುತ್ತವೆ. ಎನಾಮೆಲ್ ಕಟ್ಟುವ ಕೋಶಗಳನ್ನೇ ಆ ವೈರಸ್ ಹಾಳುಮಾಡಿರುತ್ತದೆ. ಇನ್ನು ಫ್ಲೋರೈಡ್. ಗ್ರಾನೈಟ್ ಬಂಡೆಯ ಆಳದಿಂದ ಎತ್ತುವ ನಮ್ಮ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಅದು ಹೆಚ್ಚಿರುವುದನ್ನು ಇಲ್ಲಿನ ಮಕ್ಕಳ ಕಲೆಗಟ್ಟಿದ ಹಲ್ಲುಗಳೇ ತೋರಿಸಿಕೊಟ್ಟಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ ಎನ್ನುತ್ತದೆ ಭಾರತೀಯ ಮಾನಕ. ಫ್ಲೋರೈಡ್ ಎನಾಮೆಲನ್ನು ಕೆಡಿಸುವುದು ಅದು ರೂಪುಗೊಳ್ಳುವ ಹೊತ್ತಿನಲ್ಲಿ ಮಾತ್ರ. ನಾಯಿಯಲ್ಲಿ ಆ ಹೊತ್ತು ಹುಟ್ಟಿದ ಮೊದಲ ಕೆಲವು ತಿಂಗಳು. ಮನೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರು ಮರಿಯ ಬಟ್ಟಲಿಗೂ ಅದನ್ನೇ ಸುರಿದರೆ ಒಳ್ಳೆಯದು ಎಂದು ನನ್ನ ಅನಿಸಿಕೆ. ಕಲೆಗಟ್ಟಿದ ಹಲ್ಲೆಲ್ಲ ಮುರಿದ ಹಲ್ಲಲ್ಲ, ಆದರೆ ಕೆಟ್ಟ ಎನಾಮೆಲ್ ಬೇಗ ಚಕ್ಕೆ ಏಳುತ್ತದೆ.

ಈಗ ತೀರ್ಮಾನ. ಶಿಡ್ಲಘಟ್ಟದ ಒಂದು ರೇಷ್ಮೆ ರೀಲರ್ ಮನೆ ಎಂದುಕೊಳ್ಳೋಣ. ಐದು ವರ್ಷದ ಪಾಮೇರಿಯನ್, ಹೆಸರು ಜಿಮ್ಮಿ. ಬಲಗಡೆಯ ಮೇಲಿನ ದೊಡ್ಡ ಹಲ್ಲಿನ ಚಪ್ಪಡಿ ಹಾರಿದೆ, ನಡುವೆ ಕಪ್ಪು ಚುಕ್ಕೆ. ಅವರ ಮುಂದಿರುವ ದಾರಿಗಳು ಎರಡೇ: ಕೀಳಿಸುವುದು ಅಥವಾ ರೂಟ್ ಕೆನಾಲ್. ಹಾಗೇ ಬಿಡುವುದು ಮೂರನೆಯ ದಾರಿಯಲ್ಲ. ತಿರುಳು ಬಯಲಾಗದೆ ಇದ್ದಿದ್ದರೆ ಮಾತು ಬೇರೆ. ಆಗ ಎಕ್ಸ್‌ರೇ ತೆಗೆದು, ಬೇರಿನ ತುದಿ ಚೆನ್ನಾಗಿದ್ದರೆ, ಚೂಪು ಅಂಚು ನಯಗೊಳಿಸಿ, ಡೆಂಟಿನ್ ಕೊಳವೆಗಳ ಬಾಯನ್ನು ರಾಳದಿಂದ ಮುಚ್ಚಿ, ಆರು ತಿಂಗಳಿಗೋ ವರ್ಷಕ್ಕೋ ಮತ್ತೊಂದು ಎಕ್ಸ್‌ರೇ ನೋಡಿದರೆ ಸಾಕು.

ರೂಟ್ ಕೆನಾಲ್ ಎಂದರೆ ನಮಗೆ ಮಾಡುವುದೇ. ಸತ್ತ ತಿರುಳನ್ನು ತೆಗೆದು, ಸೋಡಿಯಂ ಹೈಪೋಕ್ಲೋರೈಟ್‌ನಿಂದ ತೊಳೆದು, ಗಟ್ಟಾಪರ್ಚಾ ತುಂಬಿ ಮುಚ್ಚುವುದು. 127 ಪ್ರಕರಣಗಳನ್ನು ಪರಿಶೀಲಿಸಿದ 2002ರ ವರದಿಯೊಂದರ ಪ್ರಕಾರ ವಿಫಲವಾದದ್ದು ಶೇ. 5ರಷ್ಟು ಮಾತ್ರ. ದೊಡ್ಡ ನಾಯಿಯ ಕೋರೆಹಲ್ಲಿಗೆ 40ರಿಂದ 60 ಮಿಲಿಮೀಟರ್ ಉದ್ದದ ವಿಶೇಷ ಫೈಲ್‌ಗಳು ಬೇಕು. ಪುಟ್ಟ ನಾಯಿಗೆ ಎಷ್ಟೋ ಸಲ ಮನುಷ್ಯರಿಗೆ ಬಳಸುವ 25, 31 ಮಿಲಿಮೀಟರಿನವೇ ಸಾಲುತ್ತವೆ. ಮನುಷ್ಯರ ದಂತ ಎಕ್ಸ್‌ರೇ ಸೆನ್ಸರ್ ಕೂಡ ಅದರ ಬಾಯಿಗೆ ಹಿಡಿಸುತ್ತದೆ. ಹೀಗಾಗಿ ಪಶುವೈದ್ಯರು ಅರಿವಳಿಕೆ ನೋಡಿಕೊಂಡು, ದಂತವೈದ್ಯರೊಬ್ಬರು ಜೊತೆಗೂಡಿದರೆ ತಾಲ್ಲೂಕು ಊರಿನಲ್ಲೂ ಇದು ಆಗದ ಕೆಲಸವಲ್ಲ. ಆದರೆ ಆ ಮೇಲಿನ ಹಲ್ಲಿಗೆ ಮೂರು ಬೇರು, ಮೂರೂ ನಾಳ ತುಂಬಬೇಕು. ಸೀಳು ವಸಡಿನ ಆಳಕ್ಕೆ ಹೋಗಿದ್ದರೆ, ವಸಡಿನ ರೋಗದಿಂದ ಹಲ್ಲು ಸಡಿಲವಾಗಿದ್ದರೆ, ಇಷ್ಟು ಶ್ರಮಪಟ್ಟು ಉಳಿಸಿದ ಹಲ್ಲು ನಿಲ್ಲುವುದಿಲ್ಲ. ಪುಟ್ಟ ತಳಿಗಳಲ್ಲಿ ಐದಾರು ವರ್ಷಕ್ಕೆ ವಸಡಿನ ರೋಗ ತೀರಾ ಸಾಮಾನ್ಯ.

ಹಾಗಾಗಿ ಜಿಮ್ಮಿಗೆ ಕೀಳಿಸುವುದೇ ಸರಿ ಎನ್ನುತ್ತೇನೆ. ಇದನ್ನು ಬಡವರ ಚಿಕಿತ್ಸೆ, ಕೈಚೆಲ್ಲಿದ ಚಿಕಿತ್ಸೆ ಎಂದು ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೋಂಕು ಬೇರುಸಹಿತ ಹೋಗುತ್ತದೆ, ಒಂದೇ ಅರಿವಳಿಕೆಯಲ್ಲಿ ಮುಗಿಯುತ್ತದೆ, ಮುದ್ದೆ ತಿನ್ನುವ ನಾಯಿಗೆ ಆ ಹಲ್ಲಿಲ್ಲದೆ ಏನೂ ಕೊರತೆಯಾಗುವುದಿಲ್ಲ. ಆದರೆ ಕೀಳುವುದು ಎಂದರೆ ಇಕ್ಕಳ ಹಾಕಿ ಎಳೆಯುವುದಲ್ಲ. ವಸಡನ್ನು ಬಿಡಿಸಿ, ಹೊರಗಿನ ಮೂಳೆಯನ್ನು ಸ್ವಲ್ಪ ಕೊರೆದು, ಹಲ್ಲನ್ನು ಮೂರು ತುಂಡು ಮಾಡಿ, ಒಂದೊಂದು ಬೇರನ್ನೂ ಬೇರೆಬೇರೆಯಾಗಿ ಸಡಿಲಿಸಿ ತೆಗೆದು, ತಾನಾಗಿ ಕರಗುವ ದಾರದಿಂದ ಹೊಲಿಯಬೇಕು. ಎಚ್ಚರವಿರುವ ನಾಯಿಯನ್ನು ನಾಲ್ಕು ಜನ ಹಿಡಿದುಕೊಂಡು ಇದನ್ನು ಮಾಡಲು ಹೋದರೆ ಬೇರು ಒಳಗೇ ಮುರಿದು ಉಳಿಯುತ್ತದೆ. ಅದು ಹಿಂಸೆಯೂ ಹೌದು.

ಮುರಿದದ್ದು ಬೇರೆ ಹಲ್ಲಾಗಿದ್ದರೆ ನನ್ನ ಉತ್ತರವೂ ಬೇರೆ. ಪುಟ್ಟ ನಾಯಿಯ ಕೆಳದವಡೆಯ ಮೊದಲ ದವಡೆಹಲ್ಲಿನ ಬೇರುಗಳು ದವಡೆಮೂಳೆಯ ಎತ್ತರದ ಬಹುಭಾಗವನ್ನು ತುಂಬಿರುತ್ತವೆ. ಕೀಳುವಾಗ ಸ್ವಲ್ಪ ಬಲ ಹೆಚ್ಚಾದರೂ ದವಡೆಯೇ ಮುರಿಯಬಹುದು. ಕೆಳಗಿನ ಕೋರೆಹಲ್ಲಿನದೂ ಇದೇ ಕತೆ, ಜೊತೆಗೆ ಅದು ಹೋದರೆ ನಾಲಿಗೆ ಆ ಬದಿಗೆ ಜೋಲುವುದುಂಟು. ಮೇಲಿನ ಕೋರೆಹಲ್ಲಿನ ಬೇರು ಹೊರಗೆ ಕಾಣುವ ಭಾಗಕ್ಕಿಂತ ಉದ್ದ. ಅದಕ್ಕೂ ಮೂಗಿನ ಕುಳಿಗೂ ನಡುವೆ ತೆಳು ಮೂಳೆ. ಅದು ಒಡೆದರೆ ಬಾಯಿಂದ ಮೂಗಿಗೆ ತೂತು ಬಿದ್ದು, ಕುಡಿದ ನೀರು ಮೂಗಿನಲ್ಲಿ ಬರುತ್ತದೆ. ವಸಡು ಗಟ್ಟಿಯಾಗಿದ್ದು ಇಂಥ ಹಲ್ಲು ಮುರಿದಿದ್ದರೆ ರೂಟ್ ಕೆನಾಲ್‌ಗಾಗಿ ಬೆಂಗಳೂರಿಗೆ ಹೋಗುವುದು ಸಾರ್ಥಕ. ತಾಲ್ಲೂಕಿನ ಪಶು ಆಸ್ಪತ್ರೆಯ ದಿನವೆಲ್ಲ ಹಸುಗಳಿಗೇ ಹೋಗುತ್ತದೆ, ಇದು ಹಾಲಿನ ಸೀಮೆ. ಆದರೆ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ, ಯಲಹಂಕ ದಾಟಿ ಬರುವ ಹೆದ್ದಾರಿಯ ದಾರಿಯಲ್ಲೇ ಇದೆ. ಗೌರಿಬಿದನೂರಿನವರಿಗೆ ದೊಡ್ಡಬಳ್ಳಾಪುರದ ಮೇಲೆ, ಚಿಂತಾಮಣಿಯವರಿಗೆ ಹೊಸಕೋಟೆಯ ಮೇಲೆ ದಾರಿ. ಕರೆ ಮಾಡಿ, ಹಲ್ಲಿನ ಎಕ್ಸ್‌ರೇ ಇದೆಯೇ, ಈ ಕೆಲಸ ಮಾಡುವವರು ಯಾವ ದಿನ ಸಿಗುತ್ತಾರೆ ಎಂದು ಕೇಳಿಕೊಂಡು ಹೊರಡುವುದು ಮೇಲು.

ನಾಯಿ ಎಳೆಯದಾಗಿದ್ದರೆ ಮಾತ್ರ ಗಡಿಯಾರ ನೋಡಬೇಕು. ಒಂದೂವರೆ ವರ್ಷದೊಳಗಿನ ನಾಯಿಯ ಹಲ್ಲಿನ ಗೋಡೆ ಇನ್ನೂ ತೆಳು, ತಿರುಳು ಅಗಲ. ತಿರುಳು ಸತ್ತರೆ ಹಲ್ಲು ಬೆಳೆಯುವುದು ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ತಿರುಳನ್ನೇ ಉಳಿಸುವ ಚಿಕಿತ್ಸೆಯಿದೆ. ಮೇಲಿನ ಕೆಲವು ಮಿಲಿಮೀಟರ್ ತಿರುಳನ್ನು ಕತ್ತರಿಸಿ ತೆಗೆದು, ಉಳಿದದ್ದರ ಮೇಲೆ ಕ್ಯಾಲ್ಸಿಯಂ ಆಧಾರಿತ ಔಷಧ ಹಚ್ಚಿ ಮುಚ್ಚಿದರೆ ಕೆಳಗೆ ಹೊಸ ಡೆಂಟಿನ್ ಸೇತುವೆ ಕಟ್ಟುತ್ತದೆ. ನಾಯಿಗಳ ಕೋರೆಹಲ್ಲುಗಳ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುರಿದ 48 ಗಂಟೆಯೊಳಗೆ ಇದನ್ನು ಮಾಡಿದಾಗ ಶೇ. 88ರಷ್ಟು ಯಶಸ್ಸು ಸಿಕ್ಕಿತು. ವಾರದೊಳಗೆ ಎಂದಾಗ ಅದು ಶೇ. 41ಕ್ಕೆ ಇಳಿಯಿತು. ಅದಕ್ಕೂ ತಡವಾದರೆ ಶೇ. 24ರ ಆಸುಪಾಸು. ಈ ನಾಲ್ಕೂ ಊರುಗಳಿಂದ ಬೆಂಗಳೂರು ಎರಡು, ಎರಡೂವರೆ ಗಂಟೆಯ ದಾರಿ. ನಲವತ್ತೆಂಟು ಗಂಟೆ ದಾಟುವುದು ದೂರದಿಂದಲ್ಲ, 'ನಾಳೆ ನೋಡೋಣ' ಎನ್ನುವುದರಿಂದ. ಮರಿಯ ಹಾಲುಹಲ್ಲು ಮುರಿದರೂ ಹೇಗೂ ಬೀಳುತ್ತದಲ್ಲ ಎಂದು ಬಿಡಬಾರದು. ಅದರ ಬೇರಿನ ಪಕ್ಕದಲ್ಲೇ ಶಾಶ್ವತ ಹಲ್ಲಿನ ಮೊಳಕೆ ಇರುತ್ತದೆ, ಸೋಂಕು ಮೊದಲು ಮುಟ್ಟುವುದು ಅದನ್ನೇ. ಹುಷಾರಾಗಿ ತೆಗೆಸಬೇಕು.

ಅರಿವಳಿಕೆ ಎಂದರೆ ಹೆದರುವವರು ಬಹಳ. ಮುಂಚೆ ರಕ್ತ ಪರೀಕ್ಷೆ ಮಾಡಿ, ಉಸಿರಿನ ನಳಿಕೆ ಹಾಕಿ, ಪುಟ್ಟ ಮೈ ತಣ್ಣಗಾಗದಂತೆ ಬೆಚ್ಚಗಿಟ್ಟು ಕೊಡುವ ಅರಿವಳಿಕೆಯ ಅಪಾಯ ಕಡಿಮೆ. ವರ್ಷಗಟ್ಟಲೆ ಕೀವು ಇಟ್ಟುಕೊಂಡು ಬದುಕುವುದು ಅದಕ್ಕಿಂತ ದೊಡ್ಡ ಹೊರೆ. ಹೃದಯದ, ಮೂತ್ರಪಿಂಡದ ತೊಂದರೆ ಇರುವ ಮುದಿ ನಾಯಿಯ ವಿಚಾರದಲ್ಲಿ ವೈದ್ಯರು ತೂಗಿ ನೋಡಿ ಹೇಳಲಿ. ಅಲ್ಲಿಯತನಕ ಮನೆಯ ನೋವಿನ ಮಾತ್ರೆ ಕೊಡಬೇಡಿ. ನಮಗೆ ಒಗ್ಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ನಾಯಿಗೆ ಕೊಡಬಹುದಾದ ಔಷಧ, ತೂಕಕ್ಕೆ ತಕ್ಕ ಪ್ರಮಾಣ, ಎರಡನ್ನೂ ವೈದ್ಯರೇ ಬರೆದುಕೊಡಬೇಕು.

ಜಿಮ್ಮಿಯ ಹಲ್ಲು ಕಿತ್ತ ಮೇಲೆ ಎರಡು ವಾರ ರಾಗಿ ಅಂಬಲಿ, ಕಲಸಿದ ಹಾಲನ್ನ, ನುಣ್ಣಗೆ ನಾದಿದ ಮುದ್ದೆ. ಹಗ್ಗ ಎಳೆಯುವ ಆಟ ಬೇಡ. ಹೊಲಿಗೆ ತಾನಾಗಿ ಕರಗುತ್ತದೆ, ಬಿಚ್ಚಿಸಬೇಕಿಲ್ಲ. ಎರಡು ವಾರಕ್ಕೆ ಒಮ್ಮೆ ವೈದ್ಯರಿಗೆ ತೋರಿಸಿ, ಅಂದೇ ಎಡಗಡೆಯ ಅದೇ ಹಲ್ಲನ್ನೂ ನೋಡಿಸಿಕೊಳ್ಳಬೇಕು, ಏಕೆಂದರೆ ಬಲಗಡೆ ನೋವಿದ್ದಷ್ಟು ದಿನ ಮೂಳೆಗಳ ಪೆಟ್ಟನ್ನೆಲ್ಲ ತಿಂದದ್ದು ಅದು. ಇನ್ನು ಮುಂದೆ ಕಡಿಯಲು ಏನು ಕೊಡಬಹುದು ಎಂದು ತಿಳಿಯಲು ಹೆಬ್ಬೆರಳಿನ ಉಗುರು ಸಾಕು. ಒತ್ತಿದರೆ ಉಗುರಿನ ಗುರುತು ಬೀಳದಷ್ಟು ಗಟ್ಟಿಯಿದ್ದರೆ ಅದು ನಾಯಿಯ ಹಲ್ಲಿಗೂ ಗಟ್ಟಿಯೇ. ಆ ಲೆಕ್ಕದಲ್ಲಿ ನಲ್ಲಿ ಮೂಳೆಯೂ ಹೋಯಿತು, ಗೊರಸೂ ಹೋಯಿತು. ಮುಂದಿನ ಹೊಸತೊಡಕಿಗೆ ಉಪ್ಪು ಖಾರ ಹಾಕದೆ ಬೇಯಿಸಿದ ಎರಡು ತುಂಡು ಮಾಂಸವನ್ನು ಜಿಮ್ಮಿಗೆಂದು ಮೊದಲೇ ತೆಗೆದಿಡಬಹುದು.